ಪೇಟೆಂಟು ಯಾರ ಹೆಸರಿಗೆ? ಹಳೆಯ ಅಮೆರಿಕದ ಕಪ್ಪು ವಿಜ್ಞಾನಿಗಳು

1721ರಲ್ಲಿ ಬಾಸ್ಟನ್ ಊರಿಗೆ ಸಿಡುಬು ಬಂತು. ಸೀಹಾರ್ಸ್ ಎಂಬ ಹಡಗಿನ ಜೊತೆ ಬಂದ ರೋಗ ಅದು. ಆಗ ಊರಿನಲ್ಲಿ ಇದ್ದದ್ದು ಸುಮಾರು 11,000 ಜನ. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಹಾಸಿಗೆ ಹಿಡಿದರು. 844 ಜನ ಸತ್ತರು.

ಆ ವರ್ಷ ಜೂನ್ ತಿಂಗಳಲ್ಲಿ ಝಬ್ಡಿಯಲ್ ಬಾಯ್ಲ್‌ಸ್ಟನ್ ಎಂಬ ವೈದ್ಯರು ಊರೇ ಬೆಚ್ಚಿಬೀಳುವಂಥ ಕೆಲಸ ಮಾಡಿದರು. ಸಿಡುಬಿನ ಗುಳ್ಳೆಯಿಂದ ಕೀವು ತೆಗೆದರು. ಆರೋಗ್ಯವಾಗಿದ್ದ ಮೂರು ಜನರ ಚರ್ಮವನ್ನು ಸ್ವಲ್ಪ ಕೊಯ್ದು ಆ ಕೀವನ್ನು ಅದರೊಳಗೆ ಇಟ್ಟರು. ಮೂವರಲ್ಲಿ ಒಬ್ಬ ಅವರದೇ ಆರು ವರ್ಷದ ಮಗ. ಇನ್ನಿಬ್ಬರು ಅವರ ಮನೆಯ ಗುಲಾಮರು. ಜ್ಯಾಕ್ ಎಂಬುವರು, ಮತ್ತು ಜ್ಯಾಕ್‌ರ ಪುಟ್ಟ ಮಗ. ಮೂವರಿಗೂ ಜ್ವರ ಬಂತು, ಒಂದಷ್ಟು ಗುಳ್ಳೆ ಎದ್ದವು, ವಾಸಿಯಾಯಿತು. ಅಷ್ಟೇ. ಆಮೇಲೆ ಅವರಿಗೆ ಸಿಡುಬಿನ ಭಯವೇ ಇಲ್ಲ.

ಹೀಗೆ ಮಾಡಬಹುದು ಅಂತ ಬಾಯ್ಲ್‌ಸ್ಟನ್‌ಗೆ ಹೇಳಿದವರು ಕಾಟನ್ ಮ್ಯಾದರ್ ಎಂಬ ಪಾದ್ರಿ. ಮ್ಯಾದರ್‌ಗೆ ಹೇಳಿದವರು ಒನೆಸಿಮಸ್. ಈ ಮೂರನೆಯ ಹೆಸರನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಇವತ್ತು ನಾನು ಮಾತಾಡಬೇಕೆಂದಿರುವುದು ಇಂಥವರ ಬಗ್ಗೆ.

ಒನೆಸಿಮಸ್ ಆಫ್ರಿಕದವರು. 1706ರಲ್ಲಿ ಮ್ಯಾದರ್ ಅವರ ಚರ್ಚಿಗೆ ಬರುತ್ತಿದ್ದ ಜನ ದುಡ್ಡು ಹಾಕಿ ಅವರನ್ನು ಕೊಂಡು ತಮ್ಮ ಪಾದ್ರಿಗೆ ಉಡುಗೊರೆ ಕೊಟ್ಟರು. ಹೌದು, ಮನುಷ್ಯನನ್ನೇ. ಒನೆಸಿಮಸ್ ಅನ್ನೋದು ಮ್ಯಾದರ್ ಬೈಬಲ್ಲಿನಿಂದ ತೆಗೆದು ಇಟ್ಟ ಹೆಸರು. ಅಪ್ಪ ಅಮ್ಮ ಇಟ್ಟ ಹೆಸರು ಯಾವ ಕಾಗದದಲ್ಲೂ ಉಳಿದಿಲ್ಲ. ಒಂದು ಸಲ ಮ್ಯಾದರ್ ಅವರನ್ನು ಕೇಳಿದರು, ನಿನಗೆ ಯಾವತ್ತಾದರೂ ಸಿಡುಬು ಬಂದಿತ್ತಾ ಅಂತ. ಒನೆಸಿಮಸ್, ಹೌದು ಮತ್ತು ಇಲ್ಲ ಎರಡೂ, ಅಂದರು. ತೋಳಿನ ಮೇಲಿನ ಗಾಯದ ಗುರುತು ತೋರಿಸಿದರು. ಕೀವನ್ನು ಹೇಗೆ ಇಡುತ್ತಾರೆ, ಆಮೇಲೆ ಏನಾಗುತ್ತದೆ, ಎಲ್ಲವನ್ನೂ ವಿವರಿಸಿದರು. ನಮ್ಮ ಊರಿನಲ್ಲಿ ಧೈರ್ಯ ಇದ್ದವರೆಲ್ಲ ಹೀಗೆ ಮಾಡಿಸಿಕೊಳ್ಳುತ್ತಾರೆ ಅಂದರು. ಮ್ಯಾದರ್ ಬಾಸ್ಟನ್ನಿನಲ್ಲಿದ್ದ ಬೇರೆ ಆಫ್ರಿಕನ್ನರನ್ನೂ ಕೇಳಿದರು. ಅವರೂ ಅದನ್ನೇ ಹೇಳಿದರು. ಆಫ್ರಿಕದಲ್ಲಿ, ಟರ್ಕಿಯಲ್ಲಿ, ಚೀನಾದಲ್ಲಿ, ನಮ್ಮ ಬಂಗಾಳದಲ್ಲಿ ಈ ಪದ್ಧತಿ ಮೊದಲಿನಿಂದ ಇತ್ತು. ಗೊತ್ತಿಲ್ಲದೆ ಇದ್ದದ್ದು ಬಾಸ್ಟನ್ನಿನ ವೈದ್ಯರಿಗೆ.

ಮ್ಯಾದರ್ 1716ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಎಂಬ ವಿಜ್ಞಾನಿಗಳ ಸಂಘಕ್ಕೆ ಪತ್ರ ಬರೆದು, ಈ ವಿಷಯ ನನಗೆ ನನ್ನ ಆಫ್ರಿಕನ್ ಸೇವಕನಿಂದ ತಿಳಿಯಿತು ಅಂತ ಹೇಳಿದರು. ಆ ಒಂದು ಪತ್ರ ಇರುವುದರಿಂದ ಈ ವಿಷಯ ನಮಗೆ ಗೊತ್ತು. ಮ್ಯಾದರ್ ಒಳ್ಳೆಯ ಒಡೆಯ ಅಂತ ನಾನು ಹೇಳುತ್ತಿಲ್ಲ. ಅದೇ 1716ರಲ್ಲಿ ಒನೆಸಿಮಸ್ ಇನ್ನೊಬ್ಬ ಗುಲಾಮನನ್ನು ಕೊಳ್ಳಲು ದುಡ್ಡು ಕೊಟ್ಟು ತಮ್ಮ ಬಿಡುಗಡೆ ಪಡೆದರು. ಅದೂ ಅರ್ಧ ಬಿಡುಗಡೆ. ಕರೆದಾಗ ಬರಬೇಕು, ಹಿಮ ಬಿದ್ದಾಗ ಬಂದು ಗೋರಬೇಕು, ಇಂಥ ಷರತ್ತುಗಳು ಆ ಬಿಡುಗಡೆ ಪತ್ರದಲ್ಲೇ ಇದ್ದವು.

ಊರಿನವರು ಏನಂದರು? ಗುಲಾಮರು ಹೇಳಿದ ಮಾತನ್ನು ನಂಬಿ ಮಕ್ಕಳ ಮೈಗೆ ವಿಷ ಹಾಕುತ್ತೀರಾ ಅಂತ ಸಿಟ್ಟಾದರು. ನವೆಂಬರ್‌ನಲ್ಲಿ ಮ್ಯಾದರ್ ಮನೆಯ ಕಿಟಕಿಯಿಂದ ಬಾಂಬು ಎಸೆದರು. ಅದು ಸಿಡಿಯಲಿಲ್ಲ. ಬಾಯ್ಲ್‌ಸ್ಟನ್ ಮಾತ್ರ ನಿಲ್ಲಿಸಲಿಲ್ಲ. 240ಕ್ಕೂ ಹೆಚ್ಚು ಜನಕ್ಕೆ ಹೀಗೆ ಮಾಡಿದರು. ಅವರಲ್ಲಿ ಸತ್ತವರು 6 ಜನ. ಅಂದರೆ ನೂರಕ್ಕೆ ಎರಡೋ ಮೂರೋ. ತಾನಾಗಿ ಸಿಡುಬು ತಗುಲಿದವರಲ್ಲಿ ನೂರಕ್ಕೆ ಹದಿನಾಲ್ಕು ಜನ ಸತ್ತಿದ್ದರು. ಹೀಗೆ ಎರಡು ಗುಂಪುಗಳ ಲೆಕ್ಕವನ್ನು ಪಕ್ಕಪಕ್ಕ ಇಟ್ಟು ಒಂದು ಚಿಕಿತ್ಸೆಯನ್ನು ತೂಗಿದ್ದು ವೈದ್ಯಕೀಯದ ಇತಿಹಾಸದಲ್ಲೇ ತುಂಬ ಹಳೆಯ ಉದಾಹರಣೆ. ಮುಂದೆ 1777ರಲ್ಲಿ ಜಾರ್ಜ್ ವಾಷಿಂಗ್ಟನ್ ತಮ್ಮ ಇಡೀ ಸೈನ್ಯಕ್ಕೆ ಇದನ್ನೇ ಮಾಡಿಸಿದರು.

ಬಾಯ್ಲ್‌ಸ್ಟನ್ ಲಂಡನ್ನಿಗೆ ಹೋದರು, ಪುಸ್ತಕ ಬರೆದರು, ರಾಯಲ್ ಸೊಸೈಟಿಯ ಸದಸ್ಯರಾದರು. ಅವರ ಧೈರ್ಯ ದೊಡ್ಡದೇ. ಒನೆಸಿಮಸ್ ಎಲ್ಲಿ ಹೋದರು, ಯಾವಾಗ ತೀರಿಕೊಂಡರು, ಯಾವ ದಾಖಲೆಯೂ ಇಲ್ಲ. ಇಷ್ಟು ಹೇಳಿದ್ದು ಯಾಕೆಂದರೆ, ಈ ಜನರನ್ನು ಇತಿಹಾಸ ಸುಮ್ನೆ ಮರೆತುಬಿಟ್ಟಿತು ಅಂತ ನಾವು ಹೇಳಿ ಕೈತೊಳೆದುಕೊಳ್ಳುತ್ತೇವೆ. ಅದು ಸರಿಯಲ್ಲ. ಜ್ಞಾನ ಅಂತ ಒಪ್ಪಿಸಿಕೊಳ್ಳಲು ಒಂದು ಕಾಗದ ಬೇಕಿತ್ತು. ಪತ್ರ, ಪುಸ್ತಕ, ಪದವಿ, ಇಲ್ಲವೇ ಪೇಟೆಂಟು, ಅಂದರೆ ಹೊಸದನ್ನು ಕಂಡುಹಿಡಿದವರಿಗೆ ಸರ್ಕಾರ ಕೊಡುವ ಹಕ್ಕುಪತ್ರ, ಏನೋ ಒಂದು. ಆ ಕಾಗದದ ಮೇಲೆ ಹೆಸರು ಹಾಕುವ ಹಕ್ಕನ್ನು ಅವರಿಗೆ ಕೊಟ್ಟಿರಲಿಲ್ಲ. ಹಾಗಾಗಿ ನಮಗೆ ಇವತ್ತು ಸಿಗುವವರು ಬೇರೆಯವರ ಕಾಗದಗಳ ಅಂಚಿನಲ್ಲಿ ಹೇಗೋ ಉಳಿದುಕೊಂಡವರು.

ಥಾಮಸ್ ಫುಲ್ಲರ್ ಅವರನ್ನೇ ನೋಡಿ. ಹುಟ್ಟಿದ್ದು ಆಫ್ರಿಕದಲ್ಲಿ, 1710ರ ಸುಮಾರಿಗೆ. 14ನೇ ವಯಸ್ಸಿಗೆ ಹಿಡಿದು ತಂದು ವರ್ಜೀನಿಯಾದಲ್ಲಿ ಮಾರಿದರು. ಓದು ಬರಹ ಇಲ್ಲ. ಹೊಲದಲ್ಲಿ ದುಡಿಯುತ್ತಾ ಮುದುಕರಾದರು. ಅವರು ಮನಸ್ಸಿನಲ್ಲೇ ದೊಡ್ಡ ದೊಡ್ಡ ಲೆಕ್ಕ ಮಾಡುತ್ತಾರೆ ಅಂತ ಸುದ್ದಿಯಾಗಿ ಪೆನ್ಸಿಲ್ವೇನಿಯಾದಿಂದ ಇಬ್ಬರು ನೋಡಲು ಬಂದರು. ಒಂದೂವರೆ ವರ್ಷಕ್ಕೆ ಎಷ್ಟು ಸೆಕೆಂಡು ಅಂತ ಕೇಳಿದರು. ಸುಮಾರು ಎರಡು ನಿಮಿಷದಲ್ಲಿ ಉತ್ತರ ಬಂತು, 4,73,04,000. ಆಮೇಲೆ ಇನ್ನೊಂದು ಪ್ರಶ್ನೆ. ಒಬ್ಬ ಮನುಷ್ಯನಿಗೆ 70 ವರ್ಷ 17 ದಿನ 12 ಗಂಟೆ ವಯಸ್ಸಾಗಿದ್ದರೆ ಅವನು ಎಷ್ಟು ಸೆಕೆಂಡು ಬದುಕಿದ್ದಾನೆ? ಒಂದೂವರೆ ನಿಮಿಷಕ್ಕೆ ಫುಲ್ಲರ್ ಹೇಳಿದರು, 221,05,00,800. ಕಾಗದದ ಮೇಲೆ ಲೆಕ್ಕ ಮಾಡುತ್ತಿದ್ದವರು, ತಪ್ಪು, ಅಷ್ಟು ಆಗುವುದಿಲ್ಲ ಅಂದರು. ನಿಲ್ಲಿ ಒಡೆಯಾ, ನೀವು ಅಧಿಕ ವರ್ಷ ಮರೆತಿದ್ದೀರಿ, ಅಂದರು ಫುಲ್ಲರ್. 70 ವರ್ಷದಲ್ಲಿ 17 ಸಲ ಫೆಬ್ರವರಿ 29 ಬರುತ್ತದೆ. ಅದನ್ನು ಸೇರಿಸಿ ನೋಡಿದರೆ ಲೆಕ್ಕ ಸರಿಯಾಗಿತ್ತು. ಮನೆಗೆ ಹೋದ ಮೇಲೆ ನೀವೂ ಕ್ಯಾಲ್ಕುಲೇಟರ್ ಹಿಡಿದು ಮಾಡಿ ನೋಡಿ. ಒಂದು ಅಂಕಿಯೂ ಆಚೀಚೆ ಆಗಿಲ್ಲ.

ಬಂದವರಲ್ಲಿ ಒಬ್ಬರು, ಅಯ್ಯೋ, ನಿನಗೆ ವಿದ್ಯೆ ಸಿಕ್ಕಿದ್ದರೆ, ಅಂತ ಮರುಗಿದರು. ಸಿಗದೆ ಇದ್ದದ್ದೇ ಒಳ್ಳೆಯದಾಯಿತು, ಎಷ್ಟೋ ವಿದ್ಯಾವಂತರು ದೊಡ್ಡ ಮೂರ್ಖರು, ಅಂದರಂತೆ ಫುಲ್ಲರ್. ಇದನ್ನೆಲ್ಲ 1788ರಲ್ಲಿ ಬರೆದಿಟ್ಟವರು ಫಿಲಡೆಲ್ಫಿಯಾದ ಪ್ರಸಿದ್ಧ ವೈದ್ಯ ಬೆಂಜಮಿನ್ ರಷ್. 1790ರಲ್ಲಿ ಫುಲ್ಲರ್ ತೀರಿಕೊಂಡರು, ಗುಲಾಮರಾಗಿಯೇ.

ತಮ್ಮ ಹೆಸರನ್ನು ತಾವೇ ಕಾಗದದ ಮೇಲೆ ಅಚ್ಚು ಹಾಕಿಸಿದವರು ಬೆಂಜಮಿನ್ ಬ್ಯಾನೆಕರ್. ಇವರ ಬಳಿ ಸ್ವಲ್ಪ ಹೊತ್ತು ನಿಲ್ಲೋಣ.

ಬ್ಯಾನೆಕರ್ ಹುಟ್ಟಿದ್ದು 1731ರಲ್ಲಿ, ಮೇರಿಲ್ಯಾಂಡ್‌ನಲ್ಲಿ. ಅಪ್ಪ ಮೊದಲು ಗುಲಾಮರಾಗಿದ್ದವರು. ಮಗ ಮಾತ್ರ ಹುಟ್ಟಿನಿಂದ ಸ್ವತಂತ್ರ. 1737ರಲ್ಲಿ ಅಪ್ಪ 7,000 ಪೌಂಡ್ ತೂಕದ ತಂಬಾಕು ಕೊಟ್ಟು 100 ಎಕರೆ ಜಮೀನು ಕೊಂಡರು. ದುಡ್ಡಿನ ಬದಲು ತಂಬಾಕು ನಡೆಯುತ್ತಿದ್ದ ಕಾಲ ಅದು. ಕ್ರಯಪತ್ರದಲ್ಲಿ ತಮ್ಮ ಹೆಸರಿನ ಜೊತೆ ಆರು ವರ್ಷದ ಮಗನ ಹೆಸರನ್ನೂ ಬರೆಸಿದರು. ತಾನು ಸತ್ತರೆ ಮಗನನ್ನು ಯಾರೂ ಜಮೀನಿನಿಂದ ಎಬ್ಬಿಸಬಾರದು ಎನ್ನುವ ಎಚ್ಚರ ಅದರಲ್ಲಿ ನನಗೆ ಕಾಣುತ್ತದೆ.

ಹುಡುಗ ರೈತನಾದ. 22ರ ಸುಮಾರಿಗೆ ಯಾರದೋ ಜೇಬು ಗಡಿಯಾರ ಎರವಲು ಸಿಕ್ಕಿತು. ಅದರ ಚಕ್ರಗಳನ್ನು ನೋಡಿಕೊಂಡು, ಹಲ್ಲುಗಳ ಲೆಕ್ಕ ಹಾಕಿ, ಅದನ್ನೇ ದೊಡ್ಡದು ಮಾಡಿ ಮರದಲ್ಲಿ ಕೆತ್ತಿದರು. ಗಂಟೆ ಹೊಡೆಯುವ ಮರದ ಗಡಿಯಾರ. ಅವರು ಬದುಕಿರುವವರೆಗೂ ಅದು ಓಡಿತು.

ಅವರ ಇನ್ನೊಂದು ಅಭ್ಯಾಸ ಎಂದರೆ ಕಂಡದ್ದನ್ನು ಬರೆದಿಡುವುದು. 1749ರಲ್ಲಿ ಅವರ ಕಡೆ ಜೀರುಂಡೆಗಳು ನೆಲದಿಂದ ಲಕ್ಷಗಟ್ಟಲೆ ಎದ್ದು ಬಂದವು. ಬೆಳೆ ತಿನ್ನುತ್ತವೆ ಅಂತ ಹೆದರಿ ಕೊಲ್ಲಲು ಹೋದರು. 1766ರಲ್ಲಿ ಮತ್ತೆ ಬಂದವು. 1783ರಲ್ಲಿ ಮತ್ತೆ. ಅಂತರ 17 ವರ್ಷ. ಹಾಗಾದರೆ 1800ರಲ್ಲಿ ಬರಬೇಕು ಅಂತ ಮೊದಲೇ ಬರೆದಿಟ್ಟರು. ಬಂದವು. ಅವುಗಳಿಂದ ಬೆಳೆಗೆ ಹಾನಿ ಇಲ್ಲ ಅಂತಲೂ ಅಷ್ಟರಲ್ಲಿ ಅವರಿಗೆ ತಿಳಿದಿತ್ತು. 17 ವರ್ಷಕ್ಕೊಮ್ಮೆ ಬರುವ ಒಂದು ಸಂಗತಿಯನ್ನು ಹಿಡಿಯಬೇಕಾದರೆ ಒಬ್ಬ ಮನುಷ್ಯ ಒಂದೇ ಕಡೆ ಕೂತು ಎಷ್ಟು ವರ್ಷ ಗಮನ ಕೊಡಬೇಕು, ಯೋಚನೆ ಮಾಡಿ.

ಖಗೋಳ ಕಲಿಯಲು ಶುರು ಮಾಡಿದ್ದು 57ರ ಆಸುಪಾಸಿನಲ್ಲಿ. ಪಕ್ಕದಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದ ಎಲಿಕಾಟ್ ಮನೆತನದ ಜಾರ್ಜ್ ಎಲಿಕಾಟ್ ಕೆಲವು ಪುಸ್ತಕ, ಒಂದು ದೂರದರ್ಶಕ, ಒಂದು ಮೇಜು ಕೊಟ್ಟರು. ಹೇಳಿಕೊಡುವವರು ಯಾರೂ ಇಲ್ಲ. ಬ್ಯಾನೆಕರ್ ಓದಿಕೊಂಡೇ ಗ್ರಹಣದ ಲೆಕ್ಕ ಹಾಕಲು ಕಲಿತರು. ಪುಸ್ತಕಗಳಲ್ಲಿದ್ದ ತಪ್ಪುಗಳನ್ನೂ ಹಿಡಿದರು.

ಪಂಚಾಂಗ ಮಾಡುವುದು ಎಂಥ ಕೆಲಸ ಅಂತ ನಿಮಗೆ ಹೇಳಬೇಕಿಲ್ಲ. ಇಡೀ ವರ್ಷದ ಪ್ರತಿ ದಿನಕ್ಕೆ ಸೂರ್ಯ ಎಲ್ಲಿ, ಚಂದ್ರ ಎಲ್ಲಿ, ಗ್ರಹಗಳು ಎಲ್ಲಿ. ಸೂರ್ಯ ಹುಟ್ಟುವ ಹೊತ್ತು, ಮುಳುಗುವ ಹೊತ್ತು. ಹುಣ್ಣಿಮೆ, ಅಮಾವಾಸ್ಯೆ, ಗ್ರಹಣ. ಅಲ್ಲಿ ಇದರ ಜೊತೆ ಕಡಲಿನ ಭರತದ ಹೊತ್ತೂ ಬೇಕು, ಹಡಗಿನವರಿಗೆ. ಒಂದೇ ಒಂದು ಗ್ರಹಣದ ಲೆಕ್ಕಕ್ಕೆ ಎಷ್ಟೊಂದು ಚಿತ್ರ, ಎಷ್ಟೊಂದು ಕೋಷ್ಟಕ. ಎಲ್ಲ ಕೈಯಲ್ಲೇ. 1792ರಿಂದ 1797ರವರೆಗಿನ ವರ್ಷಗಳಿಗೆ ಬ್ಯಾನೆಕರ್ ಹೆಸರಿನ ಪಂಚಾಂಗ ಅಚ್ಚಾಯಿತು. ಬೇರೆ ಬೇರೆ ಊರಿನ ಮುದ್ರಕರು ಕನಿಷ್ಠ 28 ಆವೃತ್ತಿ ತಂದರು.

ಅದಕ್ಕೆ ಸ್ವಲ್ಪ ಮೊದಲು, 1791ರ ಆರಂಭದಲ್ಲಿ, ಅಮೆರಿಕದ ಹೊಸ ರಾಜಧಾನಿಗೆ ಜಾಗ ಅಳೆಯುವ ಕೆಲಸ ನಡೆಯಿತು. ಬದಿಗೆ 10 ಮೈಲಿಯ ಚೌಕ. ಸರ್ವೆ ಮಾಡುತ್ತಿದ್ದ ಆಂಡ್ರೂ ಎಲಿಕಾಟ್ ಅವರಿಗೆ ಬ್ಯಾನೆಕರ್ ಸಹಾಯಕರಾದರು. 59 ವರ್ಷ ವಯಸ್ಸು, ಚಳಿಗಾಲ, ಡೇರೆಯಲ್ಲಿ ವಾಸ. ರಾತ್ರಿ ಎದ್ದು ನಕ್ಷತ್ರ ನೋಡಿ ಬರೆದುಕೊಳ್ಳಬೇಕು, ಖಗೋಳ ಗಡಿಯಾರ ಸರಿಯಾಗಿ ಓಡುವಂತೆ ನೋಡಿಕೊಳ್ಳಬೇಕು. ಏಪ್ರಿಲ್ ಹೊತ್ತಿಗೆ ಮನೆಗೆ ಮರಳಿದರು.

ಇಲ್ಲಿ ಒಂದು ಮಾತು. ನೀವು ಇಂಟರ್ನೆಟ್ಟಿನಲ್ಲಿ ಇನ್ನೊಂದು ಕತೆ ಓದಿರಬಹುದು. ವಾಷಿಂಗ್ಟನ್ ನಗರದ ನಕ್ಷೆ ಮಾಡಿದ ಲಾಂಫಾನ್ ಸಿಟ್ಟು ಮಾಡಿಕೊಂಡು ನಕ್ಷೆ ತೆಗೆದುಕೊಂಡು ಹೋದರು, ಬ್ಯಾನೆಕರ್ ಅದನ್ನು ಪೂರ್ತಿ ನೆನಪಿನಿಂದ ಬರೆದುಕೊಟ್ಟರು, ಅಂತ. ಇದಕ್ಕೆ ಆಧಾರ ಇಲ್ಲ. ಲಾಂಫಾನ್ ಜಗಳ ಆಗುವಷ್ಟರಲ್ಲಿ ಬ್ಯಾನೆಕರ್ ಮನೆ ಸೇರಿ ತಿಂಗಳುಗಳೇ ಆಗಿದ್ದವು. ಪ್ರೀತಿಯಿಂದ ಹುಟ್ಟಿದ ಕತೆಯೇ ಇರಬಹುದು. ಆದರೆ ಇಂಥ ಕತೆ ಸುಳ್ಳು ಅಂತ ಗೊತ್ತಾದ ದಿನ ಜನ ನಿಜವಾದ ಕೆಲಸವನ್ನೂ ಅನುಮಾನಿಸುತ್ತಾರೆ. ಬ್ಯಾನೆಕರ್ ಮಾಡಿದ್ದೇ ಸಾಕಷ್ಟಿದೆ. ಅದಕ್ಕೆ ನಾವು ಏನೂ ಸೇರಿಸಬೇಕಾಗಿಲ್ಲ.

ಈಗ ಅವರ ಪತ್ರಕ್ಕೆ ಬರೋಣ. 1791ರ ಆಗಸ್ಟ್ 19. ಬ್ಯಾನೆಕರ್ ತಮ್ಮ ಪಂಚಾಂಗದ ಕೈಬರಹದ ಪ್ರತಿಯನ್ನು ಥಾಮಸ್ ಜೆಫರ್ಸನ್‌ಗೆ ಕಳಿಸಿದರು. ಜೆಫರ್ಸನ್ ಆಗ ವಿದೇಶಾಂಗ ಸಚಿವ. ಎಲ್ಲ ಮನುಷ್ಯರೂ ಸಮಾನರಾಗಿ ಹುಟ್ಟಿದ್ದಾರೆ ಎಂದು ಸ್ವಾತಂತ್ರ್ಯ ಘೋಷಣೆಯಲ್ಲಿ ಬರೆದವರು. ಅದೇ ಜೆಫರ್ಸನ್, ಕಪ್ಪು ಜನಕ್ಕೆ ಯೂಕ್ಲಿಡ್‌ನ ರೇಖಾಗಣಿತ ತಲೆಗೆ ಹತ್ತುವುದು ಕಷ್ಟ ಅಂತ ತಮ್ಮ ಪುಸ್ತಕದಲ್ಲಿ ಬರೆದಿದ್ದರು. ನೂರಾರು ಗುಲಾಮರ ಒಡೆಯ ಕೂಡ. ಬ್ಯಾನೆಕರ್ ಪತ್ರದ ಸಾರ ಇಷ್ಟು: ಬ್ರಿಟಿಷರು ನಿಮ್ಮನ್ನು ಗುಲಾಮರನ್ನಾಗಿ ಮಾಡಲು ಹೊರಟಾಗ ನಿಮಗೆ ಅದು ಅನ್ಯಾಯ ಅಂತ ಕಂಡಿತು. ಆಗ ನೀವು ಆ ಸಾಲು ಬರೆದಿರಿ. ಈಗ ನನ್ನ ಅಣ್ಣತಮ್ಮಂದಿರನ್ನು ಮೋಸದಿಂದ, ಬಲದಿಂದ ಹಿಡಿದಿಟ್ಟುಕೊಂಡು ಅದೇ ತಪ್ಪನ್ನು ನೀವು ಮಾಡುತ್ತಿದ್ದೀರಿ. ಆ ಕಾಲದಲ್ಲಿ, ಗುಲಾಮಗಿರಿ ನಡೆಯುತ್ತಿದ್ದ ಸೀಮೆಯಲ್ಲಿ ಕೂತು, ಒಬ್ಬ ಕಪ್ಪು ರೈತ ದೇಶದ ಸಚಿವನಿಗೆ ಹೀಗೆ ಬರೆದದ್ದು.

ಹನ್ನೊಂದೇ ದಿನಕ್ಕೆ ಜೆಫರ್ಸನ್ ಉತ್ತರ ಬರೆದರು. ಸಣ್ಣ ಉತ್ತರ, ಮರ್ಯಾದೆಯ ಉತ್ತರ. ಪಂಚಾಂಗವನ್ನು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಕಾರ್ಯದರ್ಶಿ ಕೊಂಡೋರ್ಸೆ ಅವರಿಗೆ ಕಳಿಸಿರುವುದಾಗಿಯೂ ಹೇಳಿದರು. ಆದರೆ 1809ರಲ್ಲಿ, ಬ್ಯಾನೆಕರ್ ತೀರಿಕೊಂಡು ಮೂರು ವರ್ಷ ಆದ ಮೇಲೆ, ಅದೇ ಜೆಫರ್ಸನ್ ಸ್ನೇಹಿತರೊಬ್ಬರಿಗೆ ಬರೆದರು. ಅವನದು ತೀರ ಸಾಧಾರಣ ಬುದ್ಧಿ, ಎಲಿಕಾಟ್ ಸಹಾಯ ಮಾಡಿರಬಹುದು, ಎನ್ನುವ ಅರ್ಥದಲ್ಲಿ. ಈ ಅನುಮಾನಕ್ಕೆ ಉತ್ತರ ಬ್ಯಾನೆಕರ್ ಅವರ ಸ್ವಂತ ಕೈಬರಹದಲ್ಲೇ ಇದೆ. ಅದು ಉಳಿದದ್ದು ಹೇಗೆ ಗೊತ್ತಾ? 1806ರ ಅಕ್ಟೋಬರ್‌ನಲ್ಲಿ ಬ್ಯಾನೆಕರ್ ತೀರಿಕೊಂಡರು. ಮಣ್ಣು ಮಾಡುತ್ತಿದ್ದ ದಿನವೇ ಅವರ ಮರದ ಮನೆಗೆ ಬೆಂಕಿ ಬಿತ್ತು. ಗಡಿಯಾರ ಸುಟ್ಟುಹೋಯಿತು. ಕಾಗದಗಳು ಸುಟ್ಟುಹೋದವು. ಆದರೆ ಎಲಿಕಾಟ್ ಕೊಟ್ಟಿದ್ದ ಮೇಜು, ಪುಸ್ತಕಗಳನ್ನು ಅವರಿಗೇ ಹಿಂತಿರುಗಿಸಿ ಅಂತ ಬ್ಯಾನೆಕರ್ ಮೊದಲೇ ಹೇಳಿಟ್ಟಿದ್ದರು. ಅದರ ಜೊತೆ ಅವರ ಲೆಕ್ಕದ ಪುಸ್ತಕವೂ ಎಲಿಕಾಟ್ ಮನೆ ಸೇರಿ ಉಳಿಯಿತು. ಎರವಲು ತಂದದ್ದನ್ನು ಹಿಂತಿರುಗಿಸುವ ಒಳ್ಳೆಯ ಗುಣ ಅದನ್ನು ಉಳಿಸಿತು.

ಬೆಂಕಿ ಅಂದಾಗ ಇನ್ನೊಂದು ಬೆಂಕಿ. 1836ರ ಡಿಸೆಂಬರ್‌ನಲ್ಲಿ ವಾಷಿಂಗ್ಟನ್ನಿನ ಪೇಟೆಂಟ್ ಕಚೇರಿ ಸುಟ್ಟುಹೋಯಿತು. ಸುಮಾರು 10,000 ಪೇಟೆಂಟುಗಳ ದಾಖಲೆ ಬೂದಿಯಾಯಿತು. ಅದರಲ್ಲಿ ಒಂದು, ನಮಗೆ ತಿಳಿದಂತೆ ಕಪ್ಪು ಅಮೆರಿಕನ್ನರೊಬ್ಬರಿಗೆ ಸಿಕ್ಕ ಮೊದಲ ಪೇಟೆಂಟು. 1821ರ ಮಾರ್ಚ್ 3ರಂದು ನ್ಯೂಯಾರ್ಕಿನ ಟೈಲರ್ ಥಾಮಸ್ ಜೆನ್ನಿಂಗ್ಸ್ ಅವರಿಗೆ ಕೊಟ್ಟದ್ದು. ನೀರಿಗೆ ಹಾಕಿದರೆ ಹಾಳಾಗುವ ಬಟ್ಟೆಯ ಕಲೆ ತೆಗೆಯುವ ವಿಧಾನ. ಇವತ್ತಿನ ಡ್ರೈ ಕ್ಲೀನಿಂಗಿಗೆ ಹಿಂದಿನದು. ಯಾವ ದ್ರವ ಬಳಸಿದರು, ಹೇಗೆ ಮಾಡಿದರು, ಎಲ್ಲ ಆ ಬೆಂಕಿಯಲ್ಲಿ ಹೋಯಿತು.

ಜೆನ್ನಿಂಗ್ಸ್ ದುಡಿಮೆಯ ಹಣ ಗುಲಾಮಗಿರಿ ವಿರೋಧಿ ಕೆಲಸಕ್ಕೆ ಹೋಯಿತು. ಅವರ ಮಗಳ ಕತೆ ವಿಷಯಕ್ಕೆ ಸ್ವಲ್ಪ ಆಚೆಯದು, ಆದರೂ ಹೇಳಿಬಿಡುತ್ತೇನೆ. ಎಲಿಜಬೆತ್ ಜೆನ್ನಿಂಗ್ಸ್ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರು. 1854ರ ಒಂದು ಭಾನುವಾರ ಹೊತ್ತಾಯಿತು ಅಂತ ಕುದುರೆ ಟ್ರಾಮು ಹತ್ತಿದರು. ಇದು ನಿಮ್ಮವರಿಗಲ್ಲ, ಇಳಿ, ಅಂದರು. ಅವರು ಇಳಿಯಲಿಲ್ಲ. ಕಿಟಕಿಯ ಚೌಕಟ್ಟು ಹಿಡಿದು ನಿಂತರು. ಎಳೆದು ಹಾಕಿದರು. ಅಪ್ಪ ಮಗಳು ಕೋರ್ಟಿಗೆ ಹೋದರು, 1855ರಲ್ಲಿ ಗೆದ್ದರು. ವಾದಿಸಿದ ಯುವಕ ಚೆಸ್ಟರ್ ಆರ್ಥರ್. ಮುಂದೆ ಅಮೆರಿಕದ ಅಧ್ಯಕ್ಷರಾದವರು.

ಜೆನ್ನಿಂಗ್ಸ್ ಸ್ವತಂತ್ರರು, ಹಾಗಾಗಿ ಪೇಟೆಂಟು ಸಿಕ್ಕಿತು. 1834ರಲ್ಲಿ ಮುಸುಕಿನ ಜೋಳ ಬಿತ್ತುವ ಯಂತ್ರಕ್ಕೆ ಪೇಟೆಂಟು ಪಡೆದ ಹೆನ್ರಿ ಬ್ಲೇರ್ ಅವರಿಗೆ ಓದು ಬರಹ ಬಾರದು. ಸಹಿ ಜಾಗದಲ್ಲಿ ಗುರುತು ಹಾಕಿದರು. ಆದರೂ ಸಿಕ್ಕಿತು. ಗುಲಾಮರ ಗತಿ ಏನು?

1857ರಲ್ಲಿ ಮಿಸಿಸಿಪ್ಪಿಯ ಆಸ್ಕರ್ ಸ್ಟುವರ್ಟ್ ಎಂಬ ಜಮೀನ್ದಾರ ಪೇಟೆಂಟ್ ಕಚೇರಿಗೆ ಅರ್ಜಿ ಹಾಕಿದ. ಹತ್ತಿ ಸಾಲಿನ ಎರಡೂ ಬದಿಯ ಕಳೆಯನ್ನು ಒಂದೇ ಸಲಕ್ಕೆ ಕೆರೆಯುವ ಜೋಡಿ ಕುಂಟೆಗೆ. ಅದನ್ನು ಮಾಡಿದವರು ಅವನ ಗುಲಾಮ ನೆಡ್. ಇದನ್ನು ಸ್ಟುವರ್ಟ್ ಮುಚ್ಚಿಡಲಿಲ್ಲ. ಗುಲಾಮ ಕೈಯಿಂದ ದುಡಿದದ್ದೂ ಒಡೆಯನದು, ತಲೆಯಿಂದ ದುಡಿದದ್ದೂ ಒಡೆಯನದು, ಹಾಗಾಗಿ ಪೇಟೆಂಟು ನನಗೆ ಕೊಡಿ, ಅಂದ. ಕಾನೂನು ಏನು ಹೇಳುತ್ತಿತ್ತು? ಇದನ್ನು ಕಂಡುಹಿಡಿದವನು ನಾನೇ ಅಂತ ಅರ್ಜಿದಾರ ಪ್ರಮಾಣ ಮಾಡಬೇಕು. ತಾನು ಯಾವ ದೇಶದ ಪ್ರಜೆ ಅಂತ ಹೇಳಬೇಕು. ಸ್ಟುವರ್ಟ್ ಕಂಡುಹಿಡಿದಿಲ್ಲ. ನೆಡ್ ಪ್ರಜೆಯಲ್ಲ. ಕಪ್ಪು ಜನ ಅಮೆರಿಕದ ಪ್ರಜೆಗಳೇ ಅಲ್ಲ ಅಂತ ಅದೇ 1857ರಲ್ಲಿ ಡ್ರೆಡ್ ಸ್ಕಾಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 1858ರಲ್ಲಿ ಸರ್ಕಾರದ ಅಟಾರ್ನಿ ಜನರಲ್ ತೀರ್ಮಾನ ಕೊಟ್ಟರು. ಗುಲಾಮ ಕಂಡುಹಿಡಿದ ಯಂತ್ರಕ್ಕೆ ಪೇಟೆಂಟು ಇಲ್ಲ. ಅವನಿಗೂ ಇಲ್ಲ, ಒಡೆಯನಿಗೂ ಇಲ್ಲ.

ಮುಂದೆ ಸ್ಟುವರ್ಟ್ ಏನು ಮಾಡಿದ ಅಂದರೆ, ಪೇಟೆಂಟು ಇಲ್ಲದೆಯೇ ಆ ಕುಂಟೆ ಮಾಡಿ ಮಾರತೊಡಗಿದ. ಜಾಹೀರಾತಿನಲ್ಲಿ, ಇದು ಗುಲಾಮ ಕಂಡುಹಿಡಿದದ್ದು, ಗುಲಾಮಗಿರಿಯಿಂದ ಬುದ್ಧಿ ಕುಗ್ಗುತ್ತದೆ ಅನ್ನುವವರಿಗೆ ಇದೇ ಉತ್ತರ, ಅಂತ ಹಾಕಿಸಿದ. ನೆಡ್ ಅವರ ಬುದ್ಧಿಯನ್ನೇ ಅವರ ಬೇಡಿಯನ್ನು ಸಮರ್ಥಿಸಲು ಬಳಸಿಕೊಂಡ. ಇಡೀ ಈ ಇತಿಹಾಸದಲ್ಲಿ ನನಗೆ ಅತಿ ಹೆಚ್ಚು ಸಂಕಟ ಕೊಡುವ ಕಾಗದ ಅದು.

ಅದೇ ಮಿಸಿಸಿಪ್ಪಿಯಲ್ಲಿ ಬೆಂಜಮಿನ್ ಮಾಂಟ್‌ಗೊಮರಿ ಇದ್ದರು. ಒಡೆಯ ಜೋಸೆಫ್ ಡೇವಿಸ್. ನದಿಯಲ್ಲಿ ನೀರು ಆಳ ಇಲ್ಲದ ಕಡೆ ದೋಣಿಗಳು ಸಿಕ್ಕಿಹಾಕಿಕೊಳ್ಳುತ್ತಿದ್ದವು. ಅಂಥಲ್ಲೂ ಓಡಿಸಬಲ್ಲ ಓರೆ ಅಲಗಿನ ಪ್ರೊಪೆಲ್ಲರ್ ಮಾಡಿದರು ಮಾಂಟ್‌ಗೊಮರಿ. ಅವರಿಗೂ ಪೇಟೆಂಟು ಸಿಗಲಿಲ್ಲ. ಒಡೆಯ ಮತ್ತು ಅವನ ತಮ್ಮ ಇಬ್ಬರೂ ಅದನ್ನು ತಂತಮ್ಮ ಹೆಸರಿಗೆ ಪಡೆಯಲು ನೋಡಿದರು, ಅವರಿಗೂ ಸಿಗಲಿಲ್ಲ. ಆ ತಮ್ಮನೇ ಜೆಫರ್ಸನ್ ಡೇವಿಸ್. 1861ರಲ್ಲಿ ಗುಲಾಮಗಿರಿ ಉಳಿಸಿಕೊಳ್ಳಲು ದಕ್ಷಿಣದ ರಾಜ್ಯಗಳು ಬೇರೆ ದೇಶ ಕಟ್ಟಿಕೊಂಡಾಗ ಅದರ ಅಧ್ಯಕ್ಷನಾದವನು. ಆ ಹೊಸ ದೇಶದ ಪೇಟೆಂಟ್ ಕಾನೂನಿನಲ್ಲಿ ಒಂದು ಕಲಮು ಸೇರಿತು: ಗುಲಾಮ ಕಂಡುಹಿಡಿದದ್ದಕ್ಕೆ ಒಡೆಯ ಪೇಟೆಂಟು ಪಡೆಯಬಹುದು. ಗುಲಾಮರಿಗೆ ಬುದ್ಧಿ ಇಲ್ಲ ಅನ್ನುತ್ತಿದ್ದವರು ಆ ಬುದ್ಧಿಗೆ ಹಕ್ಕುದಾರರಾಗಲು ಕಾನೂನನ್ನೇ ಬರೆದುಕೊಂಡರು. ಉತ್ತರದ ರಾಜ್ಯಗಳ ಜೊತೆ ನಡೆದ ಯುದ್ಧದಲ್ಲಿ ಸೋತರು. 1866ರಲ್ಲಿ ಜೋಸೆಫ್ ಡೇವಿಸ್ ತನ್ನ ಜಮೀನನ್ನು 3,00,000 ಡಾಲರಿಗೆ ಇದೇ ಮಾಂಟ್‌ಗೊಮರಿ ಅವರಿಗೆ, ಸಾಲದ ಮೇಲೆ, ಮಾರಿದ.

ಪೇಟೆಂಟು ಮಾಡಿಸಿಕೊಳ್ಳದೆ ಹೋದವರೂ ಇದ್ದಾರೆ. ನ್ಯೂ ಬೆಡ್‌ಫರ್ಡಿನ ಕಮ್ಮಾರ ಲೂಯಿಸ್ ಟೆಂಪಲ್ 1848ರಲ್ಲಿ ತಿಮಿಂಗಿಲ ಬೇಟೆಯ ಈಟಿಗೆ ಒಳಗೆ ಹೋದ ಮೇಲೆ ಅಡ್ಡ ತಿರುಗುವ ತುದಿ ಮಾಡಿದರು. ಎಳೆದರೆ ಹೊರಗೆ ಬರುವುದಿಲ್ಲ. ಕೆಲವೇ ವರ್ಷಗಳಲ್ಲಿ ಬೇಟೆಗಾರರೆಲ್ಲ ಅದನ್ನೇ ಬಳಸಿದರು, ಬೇರೆ ಕಮ್ಮಾರರೂ ಮಾಡಿ ಮಾರಿದರು. ಟೆಂಪಲ್ 1854ರಲ್ಲಿ ಬಡವರಾಗಿಯೇ ತೀರಿಕೊಂಡರು.

ಕೊನೆಗೆ ಒಬ್ಬರನ್ನು ಇಟ್ಟುಕೊಂಡಿದ್ದೇನೆ. ನಮ್ಮ ಊರುಗಳಿಗೆ ನೇರವಾಗಿ ಸಂಬಂಧಪಟ್ಟವರು. ನಾರ್ಬರ್ಟ್ ರಿಲ್ಯೂ. ಮಂಡ್ಯ, ಬೆಳಗಾವಿ, ಬಾಗಲಕೋಟೆ ಕಡೆಯವರು ಇಲ್ಲಿದ್ದರೆ ಗಮನ ಕೊಟ್ಟು ಕೇಳಿ.

ರಿಲ್ಯೂ ಹುಟ್ಟಿದ್ದು 1806ರಲ್ಲಿ, ನ್ಯೂ ಆರ್ಲಿಯನ್ಸ್‌ನಲ್ಲಿ. ತಾಯಿ ಸ್ವತಂತ್ರ ಕಪ್ಪು ಮನೆತನದವರು, ತಂದೆ ಬಿಳಿಯ ಎಂಜಿನಿಯರ್. ಓದಲು ಪ್ಯಾರಿಸ್ಸಿಗೆ ಹೋಗಿ ಅಲ್ಲೇ ಎಂಜಿನಿಯರಿಂಗ್ ಕಲಿಸುವ ಎಕೋಲ್ ಸೆಂಟ್ರಾಲ್‌ನಲ್ಲಿ ಪಾಠ ಹೇಳುವವರಾದರು. ಉಗಿ ಎಂಜಿನ್ನು ಅವರ ವಿಷಯ.

ಆಗ ಲೂಸಿಯಾನದಲ್ಲಿ ಸಕ್ಕರೆ ಮಾಡುತ್ತಿದ್ದ ರೀತಿ ನಿಮಗೆ ಅರ್ಥವಾಗಬೇಕಾದರೆ ಆಲೆಮನೆ ನೆನಪಿಸಿಕೊಳ್ಳಿ. ಒಂದು ಕೊಪ್ಪರಿಗೆಯ ಬದಲು ನಾಲ್ಕೋ ಐದೋ, ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ, ಒಂದೇ ಒಲೆಯ ಮೇಲೆ. ಕಬ್ಬಿನ ಹಾಲು ಒಂದರಲ್ಲಿ ಕುದಿದು ಗಟ್ಟಿಯಾಗುತ್ತಿದ್ದಂತೆ ಉದ್ದ ಹಿಡಿಯ ಸೌಟಿನಲ್ಲಿ ಎತ್ತಿ ಮುಂದಿನದಕ್ಕೆ ಹಾಕಬೇಕು. ಎತ್ತುವವರು ಗುಲಾಮರು. ಕಬ್ಬು ಅರೆಯುವ ಕಾಲ ಬಂದರೆ ಹಗಲು ರಾತ್ರಿ ಕೆಲಸ. ನಿದ್ದೆಗಣ್ಣಿನಲ್ಲಿ ಕುದಿಯುವ ಪಾಕ ಮೈಮೇಲೆ ಚೆಲ್ಲಿಕೊಂಡವರು, ಸುಟ್ಟುಕೊಂಡವರು ಲೆಕ್ಕವಿಲ್ಲ. ಇಷ್ಟಾದರೂ ಕೊನೆಯ ಕೊಪ್ಪರಿಗೆಯಲ್ಲಿ ಪಾಕ ಸೀದು ಕಪ್ಪಾಗುತ್ತಿತ್ತು. ಸೌದೆಯ ಖರ್ಚಂತೂ ವಿಪರೀತ.

ರಿಲ್ಯೂ ಯೋಚಿಸಿದ್ದು ಹೀಗೆ. ಒತ್ತಡ ಕಡಿಮೆ ಮಾಡಿದರೆ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ. ಮುಚ್ಚಿದ ಪಾತ್ರೆಯಿಂದ ಗಾಳಿ ಎಳೆದುಬಿಟ್ಟರೆ ಪಾಕ ಸೀಯುವ ಬಿಸಿಗೆ ಹೋಗುವ ಮೊದಲೇ ನೀರು ಆವಿಯಾಗುತ್ತದೆ. ಇಷ್ಟು ಇಂಗ್ಲೆಂಡಿನ ಹೊವರ್ಡ್ ಎಂಬುವರು ಮೊದಲೇ ಮಾಡಿ ತೋರಿಸಿದ್ದರು. ರಿಲ್ಯೂ ಹೊಸದಾಗಿ ಕೇಳಿದ್ದು, ಹೀಗೆ ಎದ್ದ ಆವಿಯನ್ನು ಸುಮ್ನೆ ಯಾಕೆ ಬಿಡಬೇಕು ಅಂತ. ಆ ಆವಿಯನ್ನೇ ಎರಡನೆಯ ಪಾತ್ರೆಗೆ ಬಿಸಿ ಕೊಡಲು ಬಿಟ್ಟರು. ಅಲ್ಲಿ ಒತ್ತಡ ಇನ್ನೂ ಕಡಿಮೆ, ಹಾಗಾಗಿ ಅಷ್ಟು ಬಿಸಿಗೇ ಅಲ್ಲಿನ ಹಾಲು ಕುದಿಯುತ್ತದೆ. ಅಲ್ಲಿ ಎದ್ದ ಆವಿ ಮೂರನೆಯದಕ್ಕೆ. ಒಂದು ಸಲ ಕೊಟ್ಟ ಉಗಿ ಮೂರು ಸಲ ದುಡಿಯಿತು. ಸೌಟು ಹಿಡಿದು ನಿಲ್ಲುವ ಕೆಲಸ ಹೋಯಿತು, ಸಕ್ಕರೆ ಬಿಳಿಯಾಯಿತು, ಸೌದೆ ಉಳಿಯಿತು. 1843ರಲ್ಲಿ, 1846ರಲ್ಲಿ ಪೇಟೆಂಟು ಸಿಕ್ಕಿತು.

ಇವತ್ತು ಸಕ್ಕರೆ ಕಾರ್ಖಾನೆಯೊಳಗೆ ಸಾಲಾಗಿ ನಿಂತ ಎತ್ತರದ ಇವಾಪೊರೇಟರುಗಳನ್ನು, ಅಂದರೆ ಕಬ್ಬಿನ ಹಾಲಿನ ನೀರನ್ನು ಆವಿ ಮಾಡುವ ಪಾತ್ರೆಗಳನ್ನು, ನೀವು ನೋಡಿರುತ್ತೀರಿ. ನಾಲ್ಕು ಇದ್ದರೆ ಕ್ವಾಡ್ರುಪಲ್ ಎಫೆಕ್ಟ್ ಅನ್ನುತ್ತಾರೆ. ಅದು ರಿಲ್ಯೂ ಅವರ ಯೋಚನೆ. ಹಾಲಿನ ಪುಡಿ, ಅಂಟು, ಉಪ್ಪುನೀರನ್ನು ಸಿಹಿ ಮಾಡುವ ಘಟಕ, ಎಲ್ಲ ಕಡೆ ಇದೇ ತತ್ವ. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾಯಿತು. 1934ರಲ್ಲಿ ಜಗತ್ತಿನ ಸಕ್ಕರೆ ಉದ್ಯಮದವರು ಸೇರಿ ಲೂಸಿಯಾನದ ಮ್ಯೂಸಿಯಂನಲ್ಲಿ ರಿಲ್ಯೂ ಹೆಸರಿನ ಫಲಕ ಹಾಕಿಸಿದರು. ಅವರು ಪ್ಯಾರಿಸ್ಸಿನಲ್ಲಿ ತೀರಿಕೊಂಡು ಆಗಲೇ 40 ವರ್ಷ ಆಗಿತ್ತು.

ಒಂದು ಕಹಿಯನ್ನು ಬಿಡಬಾರದು. ಈ ಯಂತ್ರ ಕೆಲವರ ಮೈ ಸುಡುವುದನ್ನು ತಪ್ಪಿಸಿತು. ಆದರೆ ಕೊಂಡವರು ತೋಟದ ಒಡೆಯರು. ಅವರ ಲಾಭ ಹೆಚ್ಚಿತು, ಕಬ್ಬಿನ ಗದ್ದೆಯ ಗುಲಾಮರಿಗೆ ಬಿಡುಗಡೆ ಸಿಗಲಿಲ್ಲ. ರಿಲ್ಯೂ ಅವರಿಗೂ ಆ ಊರು ದಕ್ಕಲಿಲ್ಲ. ನಗರದ ಕೊಳಚೆ ನೀರು ಹರಿಸಲು ಅವರು ಕೊಟ್ಟ ಯೋಜನೆಯನ್ನು ತಳ್ಳಿಹಾಕಿದರು. ಸ್ವತಂತ್ರ ಕಪ್ಪು ಜನರ ಮೇಲೂ ಕಟ್ಟಳೆ ಬಿಗಿಯಾಗುತ್ತಾ ಬಂತು. ಅವರು ಫ್ರಾನ್ಸಿಗೆ ಮರಳಿದರು. ಅಲ್ಲಿ ಈಜಿಪ್ಟಿನ ಚಿತ್ರಲಿಪಿ ಓದುತ್ತಾ ಹಲವು ವರ್ಷ ಕಳೆದರು.

ಈ ಹೆಸರುಗಳೆಲ್ಲ ಒಂದು ಪಟ್ಟಿಗೆ ಸೇರಿದ್ದು ಹೇಗೆ ಅಂತ ಕೇಳಬಹುದು. ಪೇಟೆಂಟಿನಲ್ಲಿ ಪಡೆದವರ ಬಣ್ಣ ಬರೆಯುವುದಿಲ್ಲ. ಪಟ್ಟಿ ಮಾಡಲು ಕೂತವರು ಹೆನ್ರಿ ಬೇಕರ್. ಪೇಟೆಂಟ್ ಕಚೇರಿಯಲ್ಲೇ ಪರೀಕ್ಷಕರಾಗಿದ್ದ ಕಪ್ಪು ಅಧಿಕಾರಿ. 1900ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಜಾಗತಿಕ ಪ್ರದರ್ಶನದ ಹೊತ್ತಿಗೆ ಕಚೇರಿಯಿಂದ ಪೇಟೆಂಟ್ ವಕೀಲರಿಗೆಲ್ಲ ಪತ್ರ ಹೋಯಿತು. ನಿಮ್ಮ ಕಕ್ಷಿದಾರರಲ್ಲಿ ಕಪ್ಪು ಜನ ಇದ್ದರಾ, ತಿಳಿಸಿ, ಅಂತ. ಮುಂದೆಯೂ ಕೇಳಿದರು. ಕೆಲವು ವಕೀಲರು, ಅಂಥವರು ಏನಾದರೂ ಕಂಡುಹಿಡಿಯುವುದುಂಟಾ ಅಂತ ಅವಮಾನಿಸಿ ಉತ್ತರ ಬರೆದರು. ಬೇಕರ್ ಆ ಪತ್ರಗಳನ್ನೂ ಜೋಪಾನ ಮಾಡಿದರು. 1913ರಲ್ಲಿ ಅವರು ಪ್ರಕಟಿಸಿದ ಹೊತ್ತಿಗೆ ಸುಮಾರು 800 ಪೇಟೆಂಟುಗಳು ಖಚಿತವಾಗಿದ್ದವು. ಇನ್ನೂ ಎಷ್ಟೋ ಇವೆ ಅಂತ ಅವರಿಗೆ ಗೊತ್ತಿತ್ತು. ಕಂಡುಹಿಡಿದವನು ಕಪ್ಪು ಅಂತ ತಿಳಿದರೆ ವಸ್ತುವಿಗೆ ಬೆಲೆ ಸಿಗುವುದಿಲ್ಲ ಎಂಬ ಭಯಕ್ಕೆ ಹಲವರು ತಮ್ಮ ಗುರುತು ಹೇಳಬೇಡಿ ಅಂತ ವಕೀಲರಿಗೆ ಹೇಳಿಟ್ಟಿದ್ದರು. ಅವರ ಪೇಟೆಂಟುಗಳು ಈಗಲೂ ಅದೇ ಕಚೇರಿಯ ದಾಖಲೆಗಳಲ್ಲಿ ಇವೆ, ಹೆಸರು, ಊರು, ಯಂತ್ರದ ಚಿತ್ರ ಎಲ್ಲದರ ಸಮೇತ. ಜನಗಣತಿಯ ಹಾಳೆಗಳ ಜೊತೆ ಒಂದೊಂದೇ ಹೆಸರನ್ನು ತಾಳೆ ನೋಡಿ ಅವರನ್ನು ಹುಡುಕುವ ಕೆಲಸ ಇನ್ನೂ ನಡೆಯುತ್ತಿದೆ.